ಭಂಡಾರದ ಲೆಕ್ಕವೂ ದವಾಖಾನೆಯ ಬಾಗಿಲೂ



ಕಲ್ಯಾಣಪುರದಲ್ಲಿ ಬಿಜ್ಜಳರಾಯನ ಭಂಡಾರಕ್ಕೆ ಬಸವಣ್ಣನವರು ಅಧಿಪತಿಗಳಾಗಿದ್ದ ಕಾಲದ ಪ್ರಸಂಗವೊಂದನ್ನು ಪುರಾಣಕಾರರು ಹೇಳುವರು. ಈ ಸಭೆಯಲ್ಲಿ ಕುಳಿತವರೆಲ್ಲರೂ ಅದನ್ನು ಬಾಲ್ಯದಿಂದಲೂ ಕೇಳಿದವರೇ ಆಗಿದ್ದಾರೆ. ಬಸವಣ್ಣನು ರಾಜಭಂಡಾರದ ದ್ರವ್ಯವನ್ನು ತೆಗೆದು ಜಂಗಮರಿಗೆ ಉಣಿಸುತ್ತಿರುವನೆಂದು ಮತ್ಸರಿಗಳು ಅರಸನ ಕಿವಿಯಲ್ಲಿ ಊದಿದರು. ಅರಸನು ಸಂಶಯಗೊಂಡು ಲೆಕ್ಕ ಕೇಳಿದನು. ಭಂಡಾರದ ಬಾಗಿಲು ತೆಗೆದು ಎಣಿಸಲಾಗಿ ಒಂದು ಹೊನ್ನಾದರೂ ಕಡಿಮೆ ಬೀಳಲಿಲ್ಲ. ಭಕ್ತರು ಇದನ್ನು ಪವಾಡವೆಂದು ಕೇಳಿ ಕೈಮುಗಿಯುವರು, ಮುಗಿಯಲಿ. ಆದರೆ ಪವಾಡಕ್ಕಿಂತ ಮೊದಲು ನಡೆದ ಸಣ್ಣ ಸಂಗತಿಯೊಂದು ಈ ಕಥೆಯಲ್ಲಿ ಉಂಟು; ಪುರಾಣ ಹೇಳುವವರೂ ಕೇಳುವವರೂ ಅದನ್ನು ದಾಟಿ ಮುಂದೆ ಹೋಗಿಬಿಡುವರು. ಲೆಕ್ಕ ಕೇಳಿದ್ದಕ್ಕೆ ಭಂಡಾರಿಗಳು ಸಿಟ್ಟಾಗಲಿಲ್ಲ. ಕೇಳಿದವನ ಯೋಗ್ಯತೆಯನ್ನು ವಿಚಾರಿಸಲಿಲ್ಲ. ನಾಳೆ ಬಾ, ನಾಡಿದು ಬಾ ಎಂದು ತಿರುಗಿಸಲಿಲ್ಲ. ಬಾಗಿಲು ತೆಗೆಯಲ್ಪಟ್ಟಿತು, ಎಣಿಕೆ ನಡೆಯಿತು. ಎಣಿಸಿದ ಮೇಲೆ ಹೊನ್ನು ಸರಿಯಾಗಿದ್ದುದು ದೈವಕೃಪೆಯೆನ್ನೋಣ. ಎಣಿಸಲು ಬಾಗಿಲು ತೆರೆದದ್ದು ಮಾತ್ರ ಮನುಷ್ಯಧರ್ಮವು.

ಆಗ ಲೆಕ್ಕ ಕೇಳುವ ಅಧಿಕಾರವು ಒಬ್ಬ ಅರಸನದಾಗಿತ್ತು. 1950ನೆಯ ಇಸವಿಯ ಜನವರಿ 26ರಿಂದ ಈ ದೇಶದಲ್ಲಿ ಆ ಅಧಿಕಾರವು ಪ್ರಜೆಯದಾಯಿತು. ಹೊನ್ನಿನ ಒಡೆಯನು ಪ್ರಜೆ, ಸರಕಾರವು ಭಂಡಾರಿ. ಹೀಗಿದ್ದರೂ ವ್ಯವಹಾರದಲ್ಲಿ ಎಲ್ಲವೂ ತಲೆಕೆಳಗಾಗಿ ನಡೆದಿರುವದು. ಭಂಡಾರಿಯ ಮುಂದೆ ಒಡೆಯನು ರುಮಾಲು ತೆಗೆದು ಕಂಕುಳಲ್ಲಿಟ್ಟುಕೊಂಡು ನಿಲ್ಲುತ್ತಾನೆ. ಊರಿಗೆ ಒಬ್ಬ ವೈದ್ಯರನ್ನು ಕಳುಹಿಸಿದ್ದಕ್ಕೆ ಶಾಸಕರಿಗೆ ಹಾರ ಹಾಕಿ, ತೆಂಗಿನಕಾಯಿ ಒಡೆದು, ಹಲಗೆ ಬಾರಿಸಿ ಮೆರವಣಿಗೆ ಮಾಡುತ್ತಾನೆ. ಆ ವೈದ್ಯರ ಸಂಬಳವು ಯಾರ ಗಂಟಿನಿಂದ ಬಂತೆಂಬದನ್ನು ಮಾತ್ರ ಕೇಳುವದಿಲ್ಲ.

ಯಾರ ಗಂಟಿನಿಂದ ಬಂತು? ಇದನ್ನು ಸ್ವಲ್ಪ ಹಿಂದಿನಿಂದ ನೋಡಬೇಕಾಗುವದು. ಅಗಡಿ, ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳ ಈ ಸೀಮೆಯು ಮುಂಬಯಿ ಇಲಾಖೆಯಲ್ಲಿ ಧಾರವಾಡ ಜಿಲ್ಲೆಗೆ ಸೇರಿದ್ದ ಕಾಲದಲ್ಲಿ, 1869ರ ಕಾಯದೆಯ ಮೇರೆಗೆ, ರೈತನು ಕೊಡುವ ಭೂಕಂದಾಯದ ಪ್ರತಿ ರೂಪಾಯಿಗೆ ಒಂದಾಣೆಯಂತೆ ಲೋಕಲ್ ಫಂಡ್ ಪಟ್ಟಿಯನ್ನು ಹೆಚ್ಚಾಗಿ ಎತ್ತುತ್ತಿದ್ದರು. ಹದಿನಾರು ರೂಪಾಯಿ ಕಂದಾಯ ಕಟ್ಟುವ ಒಕ್ಕಲಿಗನು ಒಂದು ರೂಪಾಯಿಯನ್ನು ಇದಕ್ಕಾಗಿ ಬೇರೆ ಕೊಡಬೇಕು. ಆ ಹಣದ ಮೂರನೆಯ ಒಂದು ಪಾಲು ಶಾಲೆಗಳಿಗೂ, ಉಳಿದುದು ರಸ್ತೆ ಮೊದಲಾದ ಊರ ಸೌಕರ್ಯಗಳಿಗೂ ಸಲ್ಲುವದೆಂದು ಗೊತ್ತುಪಡಿಸಲಾಗಿತ್ತು. ಪರಕೀಯ ಸರಕಾರವಾದರೂ ಒಂದು ಮಾತನ್ನು ಅದು ಒಪ್ಪಿಕೊಂಡಂತಾಯಿತು: ಊರಿನ ಸೌಕರ್ಯವು ಸರಕಾರದ ಔದಾರ್ಯವಲ್ಲ, ಊರವರು ಮುಂಗಡವಾಗಿ ಕೊಟ್ಟ ಹಣದ ಪ್ರತಿಫಲವು. ಇಂದು ಒಂದಾಣೆಯ ಪಟ್ಟಿಯಿಲ್ಲ. ಆದರೆ ಸರಕು ಮತ್ತು ಸೇವಾ ತೆರಿಗೆಯೆಂಬದು 2017ರಿಂದ ಬಂದಿದೆ. ತಾಂಡಾದ ಕೂಲಿ ಹೆಣ್ಣುಮಗಳೊಬ್ಬಳು ಸಂತೆಯಲ್ಲಿ ಒಂದು ಸಾಬೂನು ಕೊಂಡರೂ ಅದರೊಳಗೆ ಸರಕಾರದ ಪಾಲು ಅಡಗಿರುವದು. ಅವಳಿಗೆ ಹೊಲವಿಲ್ಲ, ಕಂದಾಯವಿಲ್ಲ, ವರಮಾನ ತೆರಿಗೆಯ ಹೆಸರೂ ತಿಳಿಯದು. ಆದರೂ ದವಾಖಾನೆಯ ಗೋಡೆಯಲ್ಲಿ ಅವಳ ಕಾಸಿನ ಇಟ್ಟಿಗೆಯೊಂದುಂಟು.

ಆದುದರಿಂದ ಸರಕಾರದ ಆಸ್ಪತ್ರೆಯಲ್ಲಿ ಸಿಕ್ಕುವ ಗುಳಿಗೆಯನ್ನು ಧರ್ಮದ ಗುಳಿಗೆಯೆಂದು ಕರೆಯುವ ನಾಡರೂಢಿಯು ತಪ್ಪು. ದಾನವೇ ಬೇರೆ, ಸಾಲ ತೀರಿಸುವದೇ ಬೇರೆ. ದಾಸೋಹದ ಪಂಕ್ತಿಯಲ್ಲಿ ಕುಳಿತವನು ಹೋಳಿಗೆಯ ಗಾತ್ರದ ಬಗೆಗೆ ತಕರಾರು ಮಾಡಬಾರದು, ಅದು ಮರ್ಯಾದೆಯಲ್ಲ. ಆದರೆ ಸಾಲ ಕೊಟ್ಟವನು ತನ್ನ ಹಣವನ್ನು ಎಣಿಸಿ ತೆಗೆದುಕೊಳ್ಳದಿದ್ದರೆ ಅದನ್ನು ಯಾರೂ ವಿನಯವೆನ್ನಲಾರರು. ಮಠದ ಭಕ್ತರಿಗೆ ದಾಸೋಹದ ಮನೋಧರ್ಮವು ಮೈಗೂಡಿರುವದರಿಂದ ಅವರು ಸರಕಾರದ ಬಾಗಿಲಲ್ಲಿಯೂ ಅದೇ ಮನೋಧರ್ಮದಿಂದ ನಿಲ್ಲುವರು. ಸಾತ್ವಿಕರ ಈ ಗುಣವು ಅಸಾತ್ವಿಕರಿಗೆ ಬಹಳ ಅನುಕೂಲವಾಗಿದೆ.

ಈ ಮಾತು ನ್ಯಾಯಪೀಠದಿಂದಲೂ ಬಂದಿದೆ. 1992ರ ಜುಲೈ 8ರಂದು ವಂಗದೇಶದ ಮಥುರಾಪುರ ನಿಲ್ದಾಣದಲ್ಲಿ ಹಕೀಮ್ ಶೇಖ್ ಎಂಬ ಕೂಲಿಕಾರನೊಬ್ಬನು ರೈಲಿನಿಂದ ಬಿದ್ದು ತಲೆಗೆ ಭಾರಿ ಪೆಟ್ಟು ಮಾಡಿಕೊಂಡನು. ಕಲಕತ್ತೆಯ ಸರಕಾರೀ ಆಸ್ಪತ್ರೆಗಳು ಒಂದಾದ ಮೇಲೊಂದು, ಹಾಸಿಗೆಯಿಲ್ಲ, ಸಲಕರಣೆಯಿಲ್ಲವೆಂದು ಅವನನ್ನು ಹಿಂದಕ್ಕೆ ಕಳುಹಿಸಿದವು. ಕಡೆಗೆ ಅವನು ಖಾಸಗಿ ಆಸ್ಪತ್ರೆಯಲ್ಲಿ ಹಣ ಸುರಿದು ಬದುಕಿಕೊಂಡನು. ಅವನ ಕೂಲಿಕಾರರ ಸಂಘದವರು ಸುಮ್ಮನಾಗದೆ ಸರ್ವೋಚ್ಚ ನ್ಯಾಯಾಲಯದವರೆಗೆ ಹೋದರು. 1996ರಲ್ಲಿ ತೀರ್ಪು ಬಂತು. ಜೀವಿಸುವ ಹಕ್ಕಿನೊಳಗೆ ತುರ್ತು ಚಿಕಿತ್ಸೆಯೂ ಅಡಗಿದೆ, ಹಣವಿಲ್ಲವೆಂಬ ನೆವದಿಂದ ಸರಕಾರವು ಈ ಹೊಣೆಯಿಂದ ನುಣುಚಿಕೊಳ್ಳಲಾಗದು ಎಂಬದು ಅದರ ತಾತ್ಪರ್ಯ. ಹಕೀಮನಿಗೆ 25,000 ರೂಪಾಯಿ ಪರಿಹಾರ ಕೊಡಬೇಕೆಂದೂ ಆಜ್ಞೆಯಾಯಿತು. ರೈಲಿನಿಂದ ಬಿದ್ದ ಒಬ್ಬ ಬಡವನ ತಲೆಯ ಪೆಟ್ಟು ಹೀಗೆ ಇಡೀ ದೇಶಕ್ಕೆ ಕಾನೂನಾಯಿತು. ಅಗಡಿಯ ಹೊಲದಲ್ಲಿ ರಾತ್ರಿ ನೀರು ಹಾಯಿಸುವಾಗ ಹಾವು ಮುಟ್ಟಿದವನಿಗೂ ಅದೇ ಕಾನೂನು ಅನ್ವಯಿಸುವದು.

ಹಾವಿನ ಮಾತು ಬಂದುದರಿಂದ ಇಲ್ಲಿಯೇ ಹೇಳಿಬಿಡಬೇಕು. ಕರ್ನಾಟಕ ಸರಕಾರವು 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ವರದಿ ಮಾಡಲೇಬೇಕಾದ ಬಾಧೆಗಳ ಪಟ್ಟಿಗೆ ಸೇರಿಸಿತು. ಅಂದರೆ ಪ್ರತಿಯೊಂದು ಕಡಿತವೂ ಪ್ರತಿಯೊಂದು ಸಾವೂ ಆಸ್ಪತ್ರೆಯ ಪುಸ್ತಕದಲ್ಲಿ ದಾಖಲಾಗಿ ಮೇಲಕ್ಕೆ ಹೋಗಬೇಕು. ಇದು ಸಣ್ಣ ಸುಧಾರಣೆಯಂತೆ ಕಾಣಬಹುದು. ಎಣಿಕೆಯಿಲ್ಲದ ಕಡೆಗೆ ಔಷಧವು ಹೋಗುವದಿಲ್ಲವೆಂಬದು ಆಡಳಿತದ ಗುಟ್ಟು. ಮೆಣಸಿನ ಗಿಡದ ಸಾಲಿನಲ್ಲಿ ಸತ್ತವನ ಹೆಸರು ಪುಸ್ತಕದಲ್ಲಿ ಬರೆಯಲ್ಪಡದಿದ್ದರೆ, ಮುಂದಿನ ವರ್ಷ ಆ ದವಾಖಾನೆಗೆ ಎಷ್ಟು ಸೀಸೆ ವಿಷನಿರೋಧಕ ಬೇಕೆಂಬದು ಯಾರಿಗೂ ಗೊತ್ತಾಗದು.

ಎಣಿಕೆಯ ಈ ಮಹಿಮೆಯನ್ನು ತಿಳಿಯಬೇಕಾದರೆ ದೂರ ಹೋಗಬೇಕಾಗಿಲ್ಲ. ರಾಣೇಬೆನ್ನೂರಿಗೆ ಹೋದರೆ ಸಾಕು. ಹೇಳಲು ನಾಲಿಗೆ ತಡವರಿಸುವ ವಿಷಯವಿದು. ಆದರೆ ತಾಯಂದಿರು ತಾವೇ ಬೀದಿಗೆ ಬಂದು ಹೇಳಿಕೊಂಡುದನ್ನು ಮಠದ ಜಗುಲಿಯ ಮೇಲೆ ಹೇಳಲು ನಾಚುವದು ಸರಿಯಲ್ಲ. ರಾಣೇಬೆನ್ನೂರಿನ ಸರಕಾರೀ ತಾಲೂಕು ಆಸ್ಪತ್ರೆಯಲ್ಲಿ 2018ರ ಹಿಂದಿನ ಕೆಲವು ವರ್ಷಗಳಲ್ಲಿ ಒಂದೂವರೆ ಸಾವಿರದಷ್ಟು ಹೆಣ್ಣುಮಕ್ಕಳ ಗರ್ಭಕೋಶಗಳನ್ನು ಶಸ್ತ್ರಕ್ರಿಯೆಯಿಂದ ತೆಗೆಯಲಾಯಿತೆಂದೂ, ಅವರಲ್ಲಿ ಅನೇಕರಿಗೆ ಆ ಶಸ್ತ್ರಕ್ರಿಯೆಯ ಅವಶ್ಯಕತೆಯೇ ಇರಲಿಲ್ಲವೆಂದೂ ಆಪಾದನೆ ಎದ್ದಿತು. ಅವರಲ್ಲಿ ಬಹುಜನರು ಲಂಬಾಣಿ ತಾಂಡಾಗಳ, ದಲಿತ ಕೇರಿಗಳ ಕೂಲಿಯ ಹೆಂಗಸರು. ಹೊಟ್ಟೆನೋವೆಂದೋ ಬಿಳಿಸೆರಗೆಂದೋ ದವಾಖಾನೆಗೆ ಬಂದವರು. ತೆಗೆಸದಿದ್ದರೆ ಮುಂದೆ ಪ್ರಾಣಕ್ಕೆ ಅಪಾಯವೆಂಬ ಹೆದರಿಕೆಯ ಮಾತು ಕೇಳಿ ಒಪ್ಪಿದೆವೆಂದು ಅವರು ಹೇಳಿದರು.

ಗರ್ಭಕೋಶವನ್ನು ತೆಗೆಯುವದು ವೈದ್ಯಶಾಸ್ತ್ರದಲ್ಲಿ ನಿಷಿದ್ಧವಲ್ಲ. ಗಡ್ಡೆ ಬೆಳೆದು ರಕ್ತಸ್ರಾವವು ಯಾವ ಔಷಧಕ್ಕೂ ನಿಲ್ಲದಿದ್ದಾಗ, ಅರ್ಬುದವು ಕಾಣಿಸಿಕೊಂಡಾಗ ಅದನ್ನು ಮಾಡಲೇಬೇಕಾಗುವದು; ಅದರಿಂದ ಉಳಿದ ಜೀವಗಳು ಬಹಳ. ಆದರೆ ಬಿಳಿಸೆರಗಿಗೂ ಸಾಮಾನ್ಯ ಹೊಟ್ಟೆನೋವಿಗೂ ಅದು ಮೊದಲ ಚಿಕಿತ್ಸೆಯಲ್ಲ. ಸಣ್ಣ ವಯಸ್ಸಿನಲ್ಲಿ ಗರ್ಭಕೋಶದೊಡನೆ ಅಂಡಾಶಯಗಳನ್ನೂ ತೆಗೆದರಂತೂ ಮುಟ್ಟು ನಿಂತು, ಎಲುಬುಗಳು ಸವೆದು, ಅಕಾಲದ ಮುಪ್ಪು ಬರುವದು. ಶ್ರೀಮಂತರ ಮನೆಯ ಹೆಂಗಸಿಗೆ ಅದು ದೇಹದ ಕಷ್ಟ. ಕಬ್ಬು ಕಡಿಯುವ, ಕಲ್ಲು ಹೊರುವ ಹೆಂಗಸಿಗೆ ಸೊಂಟ ಹೋದರೆ ಒಲೆಯೇ ಆರಿದಂತೆ. ಒಪ್ಪಿಗೆಯ ಕಾಗದದ ಮೇಲೆ ಹೆಬ್ಬೆಟ್ಟು ಬಿದ್ದಿದ್ದರೆ ಕಾನೂನಿನ ಕಣ್ಣಿಗೆ ಎಲ್ಲವೂ ಸರಿ ಕಾಣಬಹುದು. ಓದಲು ಬಾರದವಳಿಗೆ ಆ ಕಾಗದವನ್ನು ಓದಿ ಹೇಳಿದವರು ಯಾರು, ಅವಳ ಮನೆಮಾತಿನಲ್ಲಿ ಹೇಳಿದರೇ ಎಂಬದನ್ನು ಹೆಬ್ಬೆಟ್ಟು ಹೇಳಲಾರದು.

ಇಲ್ಲಿ ವಿಚಾರಿಸಬೇಕಾದ ಸಂಗತಿ ಇದು. ಆ ವರ್ಷಗಳಲ್ಲಿ ಪ್ರತಿಯೊಬ್ಬಳೂ ತನ್ನ ನೋವನ್ನು ತನ್ನದೇ ಹಣೆಬರಹವೆಂದು ತಿಳಿದಿದ್ದಳು. ಪಕ್ಕದ ತಾಂಡಾದಲ್ಲಿಯೂ ಹೀಗೆಯೇ ಆಗಿದೆಯೆಂದು ಅವಳಿಗೆ ತಿಳಿಯದು. ಒಬ್ಬೊಬ್ಬಳ ದುಃಖವನ್ನು ಒಟ್ಟುಗೂಡಿಸಿ ಸಂಖ್ಯೆ ಮಾಡಿದಾಗ ಅದು ಆಪಾದನೆಯಾಯಿತು. ಆಸ್ಪತ್ರೆಯ ಪುಸ್ತಕಗಳಲ್ಲಿ ಆ ಸಂಖ್ಯೆಯು ಮೊದಲಿನಿಂದಲೂ ಇದ್ದೇ ಇತ್ತು. ತಿಂಗಳು ತಿಂಗಳು ಮೇಲಿನ ಕಚೇರಿಗೆ ವರದಿ ಹೋಗುವದು ರೂಢಿಯು. ಓದಬೇಕಾದವರು ಓದಲಿಲ್ಲವೋ, ಓದಿಯೂ ಸುಮ್ಮನಿದ್ದರೋ. ಕೌಟಿಲ್ಯನು ತನ್ನ ಅರ್ಥಶಾಸ್ತ್ರದಲ್ಲಿ ರಾಜಧನವನ್ನು ಅಪಹರಿಸುವ ನಲವತ್ತು ವಿಧಗಳನ್ನು ಎಣಿಸಿರುವನು. ಬಂದ ವರದಿಯನ್ನು ಓದದೆ ಕಟ್ಟಿಡುವದೂ ಅಪಹರಣವೇ. ಅಲ್ಲಿ ಹೋಗುವದು ಧನವಲ್ಲ, ಅಷ್ಟೇ ವ್ಯತ್ಯಾಸ.

ಆಮೇಲೆ ಆ ತಾಯಂದಿರು ಸುಮ್ಮನೆ ಕೂಡಲಿಲ್ಲ. ಸಭೆ ಸೇರಿದರು, ತಾಲೂಕು ಕಚೇರಿಯ ಮುಂದೆ ಕುಳಿತರು. ಆಗ ಶಿಗ್ಗಾವಿಯ ಶಾಸಕರಾಗಿದ್ದ ಬಸವರಾಜ ಬೊಮ್ಮಾಯಿಯವರು 2021ರಿಂದ 2023ರ ವರೆಗೆ ನಾಡಿನ ಮುಖ್ಯಮಂತ್ರಿಗಳಾಗಿದ್ದರಷ್ಟೆ. ಮುಖ್ಯಮಂತ್ರಿಗಳು ತಮ್ಮ ಜಿಲ್ಲೆಯವರೇ ಆಗಿರುವಾಗ ಬೆಂಗಳೂರಿಗೇಕೆ ಹೋಗಬೇಕೆಂದು, ಪರಿಹಾರವನ್ನೂ ನ್ಯಾಯವನ್ನೂ ಬೇಡಿ, ರಾಣೇಬೆನ್ನೂರಿನಿಂದ ಶಿಗ್ಗಾವಿಯ ಕಡೆಗೆ ಕಾಲ್ನಡಿಗೆಯಿಂದ ಹೊರಟರು. ಸೊಂಟನೋವಿನ ಹೆಂಗಸರು ಹೆದ್ದಾರಿಯಲ್ಲಿ ನಡೆದರು. ಪಂಢರಪುರಕ್ಕೂ ಶ್ರೀಶೈಲಕ್ಕೂ ಹೊರಟ ಪಾದಚಾರಿಗಳಿಗೆ ದಾರಿಯುದ್ದಕ್ಕೂ ಊಟ ನೀರು ಕೊಡುವ ಪುಣ್ಯವಂತರ ಸೀಮೆಯಿದು. ಈ ಯಾತ್ರಿಕರನ್ನು ಕಂಡು ಎಷ್ಟು ಮನೆಗಳ ಬಾಗಿಲು ತೆರೆದವೆಂಬದನ್ನು ಸಭಿಕರು ತಮ್ಮ ತಮ್ಮ ಮನಸ್ಸಿನಲ್ಲಿಯೇ ಕೇಳಿಕೊಳ್ಳಬೇಕು.

ಇದೇ ಕಾಲದಲ್ಲಿ ಉತ್ತರದ ಬೇರೆ ಕೆಲವು ಪ್ರಾಂತಗಳಲ್ಲಿಯೂ ಇಂತಹದೇ ನಡೆದುದರ ಮೇಲೆ ಸರ್ವೋಚ್ಚ ನ್ಯಾಯಾಲಯದ ಮುಂದಿದ್ದ ಅರ್ಜಿಯೊಂದು 2023ರ ಏಪ್ರಿಲ್‌ನಲ್ಲಿ ತೀರ್ಮಾನವಾಯಿತು. ಅನಾವಶ್ಯಕವಾಗಿ ಗರ್ಭಕೋಶ ತೆಗೆಯುವದನ್ನು ತಡೆಯಲು ಕೇಂದ್ರ ಸರಕಾರವು ಮಾಡಿದ ನಿಯಮಗಳನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದು ಆಜ್ಞೆಯಾಯಿತು. ಜಿಲ್ಲೆಗೊಂದು ನಿಗಾ ಸಮಿತಿಯಿರಬೇಕು, ನಲವತ್ತು ವರ್ಷದೊಳಗಿನವರಿಗೆ ಮಾಡಿದ ಇಂತಹ ಶಸ್ತ್ರಕ್ರಿಯೆಗಳ ಕಾರಣವನ್ನು ಪರಿಶೀಲಿಸಬೇಕು ಎಂಬದು ಆ ನಿಯಮಗಳ ಮುಖ್ಯಾಂಶ. ನಿಯಮವು ಕಾಗದದಲ್ಲಿದೆ. ಹಾವೇರಿ ಜಿಲ್ಲೆಯ ಸಮಿತಿಯು ಯಾವ ಯಾವ ದಿವಸ ಕೂಡಿತು, ಎಷ್ಟು ಪ್ರಕರಣಗಳನ್ನು ನೋಡಿತು ಎಂದು ಕೇಳುವ ಅಧಿಕಾರವು ಈ ಸಭೆಯಲ್ಲಿ ಕುಳಿತ ಪ್ರತಿಯೊಬ್ಬರಿಗೂ ಇದೆ.

ಲೆಕ್ಕ ಕೇಳಿದಲ್ಲಿ ಏನಾಗುವದು, ಕೇಳದಿದ್ದಲ್ಲಿ ಏನಾಗುವದು ಎಂಬದಕ್ಕೆ ಕನ್ನಡ ನಾಡಿನಲ್ಲಿಯೇ ಬೇರೆ ಎರಡು ನಿದರ್ಶನಗಳುಂಟು. ಮಹಾಮಾರಿಯ ಎರಡನೆಯ ಅಲೆಯಲ್ಲಿ, 2021ರ ಮೇ 2ರ ರಾತ್ರಿ, ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕವು ತೀರಿತು. ಮರುದಿನದೊಳಗೆ 24 ಜನ ರೋಗಿಗಳು ಸತ್ತರು. ಎಲ್ಲರೂ ಆಮ್ಲಜನಕದ ಕೊರತೆಯಿಂದಲೇ ಸತ್ತವರಲ್ಲವೆಂದು ಆಳುವವರು ಮೊದಲು ಹೇಳಿದರು. ಉಚ್ಚ ನ್ಯಾಯಾಲಯವು ನಿವೃತ್ತ ನ್ಯಾಯಮೂರ್ತಿ ವೇಣುಗೋಪಾಲ ಗೌಡರ ಸಮಿತಿಯನ್ನು ನೇಮಿಸಿ ಪುಸ್ತಕಗಳನ್ನು ತರಿಸಿ ನೋಡಿಸಿದ ಮೇಲೆ ಕೊರತೆಯೇ ಕಾರಣವೆಂಬದು ಹೊರಬಿದ್ದಿತು, ಸತ್ತವರ ಮನೆಗಳಿಗೆ ಪರಿಹಾರ ಕೊಡಬೇಕಾಯಿತು. 2024ರ ನವೆಂಬರದಲ್ಲಿ ಬಳ್ಳಾರಿಯ ಸರಕಾರೀ ಆಸ್ಪತ್ರೆಯಲ್ಲಿ ಶಸ್ತ್ರಕ್ರಿಯೆಯಿಂದ ಹೆರಿಗೆಯಾದ ಐವರು ಬಾಣಂತಿಯರು ಒಬ್ಬರಾದ ಮೇಲೊಬ್ಬರು ತೀರಿಕೊಂಡರು. ನರಕ್ಕೆ ಏರಿಸಿದ ಲವಣದ್ರಾವಣದ ಮೇಲೆ ಸಂಶಯ ಬಂತು, ಔಷಧ ನಿಯಂತ್ರಣಾಧಿಕಾರಿಯ ಅಮಾನತಾಯಿತು. ಕೂಗು ಎದ್ದುದರಿಂದ ಸರಕಾರವು ರಾಜ್ಯದ ಎಲ್ಲ ಬಾಣಂತಿಯರ ಸಾವುಗಳ ಪರಿಶೋಧನೆಯನ್ನು ಮಾಡಿಸಬೇಕಾಯಿತು. 2024ರ ಏಪ್ರಿಲ್‌ನಿಂದ ಡಿಸೆಂಬರದ ವರೆಗೆ ಸತ್ತ 464 ತಾಯಂದಿರಲ್ಲಿ ನೂರಕ್ಕೆ ಎಪ್ಪತ್ತರಷ್ಟು ಸಾವುಗಳನ್ನು ತಪ್ಪಿಸಬಹುದಾಗಿತ್ತೆಂದು ಆ ಪರಿಶೋಧನೆ ಹೇಳಿತು. ಈ ವಾಕ್ಯವನ್ನು ಹೇಳಿದುದು ಸರಕಾರದ ವಿರೋಧಿಗಳಲ್ಲ, ಸರಕಾರದ್ದೇ ಪರಿಶೋಧಕರು. ಬಳ್ಳಾರಿಯ ಐದು ಮನೆಗಳವರು ಅತ್ತು ಸುಮ್ಮನಾಗಿದ್ದರೆ ಉಳಿದ ಮನೆಗಳ ಲೆಕ್ಕವು ಹೊರಬರುತ್ತಲೇ ಇರಲಿಲ್ಲ.

ಇನ್ನು ಕೇಳುವ ಬಗೆ. ಕೂಗಾಡುವದು, ದವಾಖಾನೆಯ ಗಾಜು ಒಡೆಯುವದು, ವೈದ್ಯರ ಮೇಲೆ ಕೈಮಾಡುವದು, ಇವು ಲೆಕ್ಕ ಕೇಳುವ ರೀತಿಯಲ್ಲ. 2009ರ ಕಾಯದೆಯಂತೆ ಅದು ಅಪರಾಧವೂ ಹೌದು. ಅದಕ್ಕಿಂತ ಹೆಚ್ಚಾಗಿ ಅನ್ಯಾಯವು. ಪ್ರಾಥಮಿಕ ಆರೋಗ್ಯ ಕೇಂದ್ರವೊಂದು ಬಯಲುಸೀಮೆಯಲ್ಲಿ ಮೂವತ್ತು ಸಾವಿರ ಜನಕ್ಕೆ ಎಂಬದು ಸರಕಾರದ ಅಳತೆ. ಅಲ್ಲಿ ಒಬ್ಬ ತರುಣ ವೈದ್ಯನು, ಒಬ್ಬಿಬ್ಬರು ದಾದಿಯರು. ದಾದಿಯ ಹುದ್ದೆ ಖಾಲಿ, ಔಷಧ ಕೊಡುವವನ ಹುದ್ದೆ ಖಾಲಿ, ಗುಳಿಗೆಯ ಕಪಾಟು ಅರ್ಧ ಖಾಲಿ. ಹೀಗಿರಲು ಎದುರಿಗೆ ಸಿಕ್ಕ ಆ ಹುಡುಗನನ್ನು ಬೈದರೆ ಹುದ್ದೆಯನ್ನು ಖಾಲಿ ಇಟ್ಟವರಿಗೆ ಏನೂ ತಗಲುವದಿಲ್ಲ. ಬೈಗಳಕ್ಕೆ ಕಣ್ಣಿಲ್ಲ, ಹತ್ತಿರ ನಿಂತವನಿಗೇ ತಾಕುವದು. ಅರ್ಜಿಯು ಮಾತ್ರ ಹುಡುಕಿಕೊಂಡು ಹೋಗಬಲ್ಲದು.

ಮಾಹಿತಿ ಹಕ್ಕಿನ ಕಾಯದೆಯು 2005ರ ಅಕ್ಟೋಬರ 12ರಿಂದ ದೇಶದಲ್ಲಿ ಜಾರಿಯಲ್ಲಿರುವದು. ಕರ್ನಾಟಕವು ಅದಕ್ಕಿಂತ ಮುಂಚೆಯೇ, 2000ದಲ್ಲಿ, ಇಂತಹ ಕಾಯದೆಯನ್ನು ಮಾಡಿಕೊಂಡಿತ್ತೆಂಬದು ಈ ನಾಡಿಗೆ ಹೆಮ್ಮೆಯ ಮಾತು. ಅರ್ಜಿಗೆ ಹತ್ತು ರೂಪಾಯಿ ಶುಲ್ಕ. ಬಡತನದ ರೇಖೆಯ ಕೆಳಗಿನವರಿಗೆ ಅದೂ ಇಲ್ಲ. ಮೂವತ್ತು ದಿವಸದೊಳಗೆ ಉತ್ತರ ಬರಬೇಕು, ಪ್ರಾಣಕ್ಕೆ ಸಂಬಂಧಿಸಿದ ಸಂಗತಿಯಾದರೆ ನಾಲ್ವತ್ತೆಂಟು ತಾಸಿನೊಳಗೆ. ಬಾರದಿದ್ದರೆ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ. ಅಲ್ಲಿಯೂ ಆಗದಿದ್ದರೆ ಮಾಹಿತಿ ಆಯೋಗಕ್ಕೆ. ತಡಮಾಡಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000ದ ವರೆಗೆ ದಂಡ ಬೀಳಬಹುದು. ಆ ದಂಡವು ಅವನ ಸ್ವಂತ ಕಿಸೆಯಿಂದ ಹೋಗುವದು. ಕರ್ನಾಟಕದ ನಿಯಮದಂತೆ ಅರ್ಜಿಯು ಒಂದೇ ವಿಷಯದ ಮೇಲಿರಬೇಕು, ನೂರೈವತ್ತು ಶಬ್ದಗಳನ್ನು ಮೀರಬಾರದು. ಕೆಲವರು ಇದನ್ನು ಅಡ್ಡಿಯೆಂದು ದೂರುವರು. ದೂರು ಸುಳ್ಳಲ್ಲ. ಆದರೆ ಸಂಕ್ಷೇಪವಾಗಿ ಬರೆಯಬಲ್ಲವನಿಗೆ ಅಷ್ಟು ಸಾಕು. ಆಡಳಿತವು ದುರಾಡಳಿತವಾಗಿದೆ ಎಂದು ಮೂರು ಪುಟ ಬರೆದವನಿಗೆ ಉತ್ತರ ಬರುವದಿಲ್ಲ. ಕಳೆದ ಆರು ತಿಂಗಳ ಔಷಧದ ದಾಸ್ತಾನು ಪುಸ್ತಕದ ನಕಲು ಕೊಡಿರಿ ಎಂದು ಒಂದೇ ಸಾಲು ಬರೆದವನಿಗೆ ಉತ್ತರ ಕೊಡದೆ ಗತಿಯಿಲ್ಲ.

ಸಕಾಲವೆಂಬ ಕಾಯದೆಯನ್ನೂ ಅನೇಕರು ಬಲ್ಲರು. 2011ರಲ್ಲಿ ಆಗಿ 2012ರಿಂದ ನಡೆದುಬಂದ ಅದು ಮುಖ್ಯವಾಗಿ ಕಾಗದಪತ್ರಗಳ ಸೇವೆಗೆ. ಜಾತಿ, ವರಮಾನ, ಜನನ ಮರಣಗಳ ಪ್ರಮಾಣಪತ್ರ ಮೊದಲಾದುವನ್ನು ಗೊತ್ತುಪಡಿಸಿದ ದಿವಸದೊಳಗೆ ಕೊಡದಿದ್ದರೆ ದಿನಕ್ಕೆ 20 ರೂಪಾಯಿಯಂತೆ 500ರ ವರೆಗೆ ಅರ್ಜಿದಾರನಿಗೆ ಸಲ್ಲಬೇಕು. ಹಣವು ಅಲ್ಪ, ಆದರೂ ವಿಳಂಬಕ್ಕೆ ಬೆಲೆಯುಂಟೆಂಬದನ್ನು ಸರಕಾರವೇ ಒಪ್ಪಿಕೊಂಡಿತಲ್ಲ! ಅಂತಹ ಗಡುವು ವೈದ್ಯರ ಖಾಲಿ ಹುದ್ದೆ ತುಂಬುವದಕ್ಕೂ ಇದ್ದಿದ್ದರೆ ಎಷ್ಟೋ ಜೀವಗಳು ಉಳಿಯುತ್ತಿದ್ದವು.

ಲೋಕಾಯುಕ್ತವು ಮೂರನೆಯ ಬಾಗಿಲು. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನಡುವೆ ವೈದ್ಯಸೇವೆ ಮಾಡಿದ ಡಾಕ್ಟರ್ ಸುದರ್ಶನರ ಅಧ್ಯಕ್ಷತೆಯಲ್ಲಿ ಸರಕಾರವು 1999ರಲ್ಲಿ ಆರೋಗ್ಯದ ಕಾರ್ಯಪಡೆಯೊಂದನ್ನು ನೇಮಿಸಿತು. 2001ರಲ್ಲಿ ಅದರ ವರದಿ ಬಂತು. ಆಮೇಲೆ ನ್ಯಾಯಮೂರ್ತಿ ವೆಂಕಟಾಚಲರು ಲೋಕಾಯುಕ್ತರಾಗಿದ್ದಾಗ ಅದೇ ಸುದರ್ಶನರು ಅಲ್ಲಿ ಆರೋಗ್ಯದ ಜಾಗೃತಿಯ ಕೆಲಸವನ್ನು ವಹಿಸಿಕೊಂಡರು. ಲೋಕಾಯುಕ್ತರು ಹೇಳದೆ ಕೇಳದೆ ಆಸ್ಪತ್ರೆಗಳಿಗೆ ಹೋಗಿ ನಿಲ್ಲುತ್ತಿದ್ದರೆಂಬದು ನಡುವಯಸ್ಸಿನವರಿಗೆಲ್ಲ ನೆನಪಿರುವದು. ಆಳುವವರಿಗೆ ಇಂತಹ ಬಾಗಿಲು ಬಹಳ ಅಗಲವಾಗಿ ತೆರೆದಿರುವದು ರುಚಿಸುವದಿಲ್ಲ. 2016ರಲ್ಲಿ ಭ್ರಷ್ಟಾಚಾರ ನಿಗ್ರಹ ದಳವೆಂದು ಬೇರೊಂದನ್ನು ಕಟ್ಟಿ ಲೋಕಾಯುಕ್ತದ ಕೈಯನ್ನು ಬಲಹೀನ ಮಾಡಿದರು; 2022ರ ಆಗಸ್ಟದಲ್ಲಿ ಉಚ್ಚ ನ್ಯಾಯಾಲಯವು ಆ ದಳವನ್ನು ರದ್ದುಮಾಡಿತು. ನಡುವೆ ಆರು ವರ್ಷಗಳು ಹೋದವು.

ಈ ಎಲ್ಲಕ್ಕಿಂತ ಸಮೀಪವಾದುದು ಗ್ರಾಮಸಭೆ. ಚಾವಡಿಯಲ್ಲಿ ಸಹಿ ಮಾಡಿ ಎದ್ದುಹೋಗುವದನ್ನು ಗ್ರಾಮಸಭೆಯೆಂದು ಕರೆಯುವ ರೂಢಿ ಬಿದ್ದಿದೆ. ಊರ ನೀರಿನ ಪರೀಕ್ಷೆ ಎಂದಾಯಿತು, ಉಪಕೇಂದ್ರದ ಆರೋಗ್ಯ ಸಹಾಯಕಿ ವಾರಕ್ಕೆ ಎಷ್ಟು ದಿನ ಬರುತ್ತಾಳೆ, ಆರೋಗ್ಯ ರಕ್ಷಾ ಸಮಿತಿಗೆ ಬಂದ ಹಣ ಯಾವದಕ್ಕೆ ಖರ್ಚಾಯಿತು ಎಂದು ಅಲ್ಲಿ ಎದ್ದು ಕೇಳಿ, ಕೇಳಿದುದನ್ನು ನಡವಳಿಯ ಪುಸ್ತಕದಲ್ಲಿ ಬರೆಯಿಸಬೇಕು. ಬರೆಯಿಸದ ಪ್ರಶ್ನೆಯು ಗಾಳಿಗೆ ಹೋದ ತೂರಿನಂತೆ.

ಅಗಡಿಯವರಿಗೆ ಬರೆಯುವ ಕೆಲಸವು ಹೊಸದೇ? ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇದೇ ಊರಿನ ಆನಂದವನದಿಂದ ಸದ್ಬೋಧ ಚಂದ್ರಿಕೆಯು ತಿಂಗಳು ತಿಂಗಳು ಹೊರಟು ಕನ್ನಡನಾಡಿನ ಮೂಲೆಮೂಲೆಗೆ ಹೋಗುತ್ತಿತ್ತು. ಗಳಗನಾಥರು ಇಲ್ಲಿ ಕುಳಿತು ಬರೆದರು, ಬರೆದುದನ್ನು ಹೊತ್ತು ಊರೂರು ತಿರುಗಿದರು. ಅಕ್ಷರವು ವಿರಳವಾಗಿದ್ದ ಆ ಕಾಲದಲ್ಲಿ ನಾಡಿಗೆ ಓದಲು ಕಲಿಸಿದ ಊರಿನಲ್ಲಿ, ಮನೆಮನೆಗೆ ಪದವೀಧರರಿರುವ ಈ ಕಾಲದಲ್ಲಿ, ನೂರೈವತ್ತು ಶಬ್ದದ ಅರ್ಜಿಯೊಂದನ್ನು ಬರೆಯುವವರಿಲ್ಲವೆಂದರೆ ನಂಬುವದು ಕಷ್ಟ.

ಧೈರ್ಯವಿಲ್ಲವೆಂದರೂ ನಂಬುವದು ಕಷ್ಟವೇ. ಮೈಲಾರ ಮಹಾದೇವಪ್ಪನವರು ಮೋಟೆಬೆನ್ನೂರಿನವರು. ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಇವರೊಡನೆ 1943ರ ಏಪ್ರಿಲ್ 1ರಂದು ಸಮೀಪದ ಹೊಸರಿತ್ತಿಯಲ್ಲಿ ಗುಂಡಿಗೆ ಎದೆಯೊಡ್ಡಿದರು. ಪರಕೀಯ ಸರಕಾರವು ಈ ಸೀಮೆಯ ರೈತರಿಂದ ಎತ್ತಿದ ಕಂದಾಯದ ಹಣವಿದ್ದ ಸ್ಥಳದ ಮುಂದೆ ಅವರು ಬಿದ್ದರೆಂಬದನ್ನು ಗಮನಿಸಬೇಕು. ಸ್ವರಾಜ್ಯ ಬಂದ ಮೇಲೆಯೂ, 2008ರ ಜೂನ್ 10ರಂದು, ಹಾವೇರಿಯಲ್ಲಿ ಗೊಬ್ಬರ ಕೇಳಿದ ರೈತರ ಮೇಲೆ ಗುಂಡು ಹಾರಿ ಇಬ್ಬರು ಸತ್ತರು. ಬೀಜ ಬಿತ್ತುವ ಕಾಲಕ್ಕೆ ಗೊಬ್ಬರ ಒದಗಿಸುವದು ಸರಕಾರದ ಕೆಲಸವಾಗಿತ್ತು, ಕೇಳಿದ್ದೇ ತಪ್ಪಾಯಿತು. ಎರಡರ ನಡುವೆ ಶಾಂತವಾದ ಇನ್ನೊಂದು ದಿನವುಂಟು. 1987ರ ನವೆಂಬರ 14ರಂದು ಹಾನಗಲ್ಲ ತಾಲೂಕಿನ ಕುಸನೂರಿನಲ್ಲಿ ರೈತರು ಸೇರಿ, ಊರ ಗಾಯರಾಣವನ್ನು ಕಾಗದದ ತಿರುಳಿನ ಕಂಪನಿಗೆ ಕೊಟ್ಟುದನ್ನು ವಿರೋಧಿಸಿ, ನೀಲಗಿರಿಯ ಸಸಿಗಳನ್ನು ಕಿತ್ತು ಆ ಸ್ಥಳದಲ್ಲಿ ತಮಗೆ ಬೇಕಾದ ಸಸಿಗಳನ್ನು ನೆಟ್ಟರು. ಕಿತ್ತಿಕೋ ಹಚ್ಚಿಕೋ ಎಂದು ಅದಕ್ಕೆ ಹೆಸರು. ಅತ್ತ ಸಮಾಜ ಪರಿವರ್ತನ ಸಮುದಾಯದವರೂ ಶಿವರಾಮ ಕಾರಂತರೂ ಸರ್ವೋಚ್ಚ ನ್ಯಾಯಾಲಯದಲ್ಲಿ ಅರ್ಜಿ ಹಾಕಿದ್ದರು. ಸರಕಾರವೇ ಪಾಲುದಾರನಾಗಿದ್ದ ಆ ಕಂಪನಿಯನ್ನು ಕೆಲವೇ ವರ್ಷಗಳಲ್ಲಿ ಮುಚ್ಚಬೇಕಾಯಿತು. ಅರ್ಜಿಯೂ ಬೇಕಾಗಿತ್ತು, ಗುದ್ದಲಿಯೂ ಬೇಕಾಗಿತ್ತು. ಕಲ್ಲು ಮಾತ್ರ ಬೇಕಾಗಲಿಲ್ಲ.

ಕೊನೆಗೆ ಕಹಿಯಾದ ಮಾತೊಂದನ್ನು ಮಠದ ಜಗುಲಿಯ ಮೇಲೆಯೇ ಹೇಳಬೇಕಾಗಿದೆ. 2008ರ ತರುವಾಯ ನಾಡಿನ ಮುಂಗಡಪತ್ರಗಳಲ್ಲಿ ಮಠಗಳಿಗೂ ಅನುದಾನ ಕೊಡುವ ರೂಢಿ ಬೆಳೆದುಬಂದಿದೆ. ಅದೂ ತಾಂಡಾದ ಹೆಣ್ಣುಮಗಳ ಸಾಬೂನಿನ ಕಾಸೇ. ಸರಕಾರದಿಂದ ಲೆಕ್ಕ ಕೇಳಬೇಕೆನ್ನುವ ಮಠವು ಮೊದಲು ತನ್ನ ಲೆಕ್ಕವನ್ನು ಭಕ್ತರ ಮುಂದೆ ಓದಿಸಬೇಕು. ಇಲ್ಲದಿದ್ದರೆ ಕೇಳುವ ಬಾಯಿಗೆ ಬಲ ಬಾರದು. ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಲಕ್ಕಮ್ಮನು ಅದನ್ನು ತಂದಲ್ಲಿಯೇ ಸುರಿದು ಬಾ ಎಂದು ಕಳುಹಿಸಿದಳಂತೆ. ಅವಳು ಸೂರೆಗಾರರ ಮನೆಗೆ ಹೋಗಿ ನ್ಯಾಯ ಹೇಳಲಿಲ್ಲ, ತನ್ನ ಮೊರದಿಂದಲೇ ಆರಂಭಿಸಿದಳು. ಅನುದಾನ ಪಡೆದ ಮಠದ ಪೀಠಾಧೀಶರಿಗೆ, ಅನುದಾನ ಕೊಟ್ಟ ಮಂತ್ರಿಯನ್ನು ದವಾಖಾನೆಯ ಖಾಲಿ ಹುದ್ದೆಯ ಬಗೆಗೆ ವೇದಿಕೆಯ ಮೇಲೆ ಕೇಳಲು ಸಂಕೋಚವಾಗುವದು ಸ್ವಾಭಾವಿಕ. ಆ ಸಂಕೋಚಕ್ಕೆ ಎಷ್ಟು ಬೆಲೆ ತೆರಬೇಕಾಗುವದೆಂಬದನ್ನು ಅನುದಾನ ತೆಗೆದುಕೊಳ್ಳುವಾಗಲೇ ಎಣಿಸಿರಬೇಕು.

ಮಠದ ಪಾಠಶಾಲೆಯ ವಿದ್ಯಾರ್ಥಿಗಳು ಪ್ರತಿ ಅಮಾವಾಸ್ಯೆಯ ಮಧ್ಯಾಹ್ನ ಜಗುಲಿಯಲ್ಲಿ ಕುಳಿತು, ಬರೆಯಬಾರದವರಿಗಾಗಿ ಅರ್ಜಿ ಬರೆದುಕೊಡಬಹುದು. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರು ಹಾವೇರಿಯ ಅಂಚೆ ಕಚೇರಿಯಲ್ಲಿ ಸಿಕ್ಕುವದು. ಮೊದಲನೆಯ ಅರ್ಜಿಯಲ್ಲಿ ಬರೆಯಬೇಕಾದ ಪ್ರಶ್ನೆಯು ಈ ಮೊದಲೇ ಹೇಳಿದುದು: ಗರ್ಭಕೋಶದ ಶಸ್ತ್ರಕ್ರಿಯೆಗಳನ್ನು ಪರಿಶೀಲಿಸುವ ಜಿಲ್ಲಾ ಸಮಿತಿಯು 2023ರಿಂದ ಇಲ್ಲಿಯ ವರೆಗೆ ಎಷ್ಟು ಸಲ ಕೂಡಿತು, ಅದರ ನಡವಳಿಗಳ ನಕಲು ಕೊಡಿರಿ. ಉತ್ತರ ಬಂದ ಮೇಲೆ ಅದನ್ನು ರಾಣೇಬೆನ್ನೂರಿನ ತಾಂಡಾಗಳಿಗೆ ಒಯ್ದು, ಆ ತಾಯಂದಿರಿಗೆ ಅವರ ಮನೆಮಾತಿನಲ್ಲಿ ಓದಿ ಹೇಳಬೇಕು.